ಆಮೇಲೆ ಬಸ್ಸಿಲ್ಲ

"ಹಲೋ… ಹಾಂ, ಹಲೋ… ಯಾರು ಮಾತಾಡ್ತಿರಾದು?"

…

"ಯಾರು? ಒಸಿ ಜೋರಾಗಿ ಹೇಳಿ. ಇಲ್ಲಿ ಹುಳ ಸೊಪ್ಪು ಮೇಯ್ತಾ ಅವೆ, ಮಳೆ ಹುಯ್ದಂಗೆ ಸದ್ದು, ಏನೂ ಕೇಳಾಕಿಲ್ಲ."

…

"ನಂಜುಂಡಯ್ಯ ಅಂದ್ರೆ… ಯಾವ ನಂಜುಂಡಯ್ಯ? ರಾಮನಗರದ ಮೇಷ್ಟ್ರಾ? ಕವಿತೆ ಗುಂಪಿನೋರಾ?"

ಹೌದು, ಅವರೇ. ಗಿರಿಜಾಂಬ ಕೈಯಲ್ಲಿದ್ದ ಹಿಪ್ಪುನೇರಳೆ ಸೊಪ್ಪಿನ ಕಟ್ಟನ್ನು ಕೆಳಗಿಟ್ಟಳು. ಗಂಡ ಹೋಗಿ ಇವತ್ತಿಗೆ ಒಂಬತ್ತು ದಿನ. ಸಾವಿನ ಮನೆ ಅಂತ ರೇಷ್ಮೆ ಹುಳಕ್ಕೆ ಗೊತ್ತಾಗುತ್ತದೆಯೇ? ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳದಿದ್ದರೆ ತಲೆ ಎತ್ತಿಕೊಂಡು ನೋಡುತ್ತವೆ. ಅದಕ್ಕೇ ಆಕೆ ಹುಳುಮನೆಯಲ್ಲಿದ್ದಳು. ವಿರೂಪಾಕ್ಷಿಪುರದಾಚೆಯ ಆ ಊರಲ್ಲಿ ಫೋನಿನಲ್ಲಿ ಮಾತಾಡುವಷ್ಟು ಸಿಗ್ನಲ್ ಸಿಗುವುದೂ ಅಲ್ಲೇ, ಕಿಟಕಿ ಪಕ್ಕ ನಿಂತರೆ.

ಈ ನಂಜುಂಡಯ್ಯ ಮೇಷ್ಟ್ರು 'ದಿನಕ್ಕೊಂದು ಪದ' ಎಂಬ ವಾಟ್ಸಾಪ್ ಗುಂಪಿನ ಅಡ್ಮಿನ್. ದಿನಾ ಬೆಳಿಗ್ಗೆ ಆರಕ್ಕೆ ಒಂದು ಪದ ಹಾಕುತ್ತಾರೆ. ರಾತ್ರಿಯೊಳಗೆ ಇನ್ನೂರ ಹನ್ನೆರಡು ಜನ ಅದರ ಮೇಲೆ ಕವಿತೆ ಕಟ್ಟಬೇಕು, ಒಬ್ಬರಿಗೊಬ್ಬರು ಬೆನ್ನು ತಟ್ಟಬೇಕು. ಕವಿತೆ ಬಿಟ್ಟು ಬೇರೇನೂ ಹಾಕುವಂತಿಲ್ಲ, ಹೊಗಳಿಕೆ ಬಿಟ್ಟು ಬೇರೇನೂ ಹೇಳುವಂತಿಲ್ಲ. ಗಿರಿಜಾಂಬ ಅಲ್ಲಿ ಸೇರಿ ಎರಡು ವರ್ಷವಾಗಿತ್ತು. ಮೇಷ್ಟ್ರು ಫೋನ್ ಮಾಡಿದ್ದು ಇದೇ ಮೊದಲು. ಕೊನೆಗೂ ಮೇಷ್ಟ್ರಿಗಾದರೂ ಮಾತಾಡಿಸಬೇಕು ಅನ್ನಿಸಿತಲ್ಲ ಎಂದು ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ನಮಸ್ಕಾರ ಮೇಷ್ಟ್ರೆ… ಹೂಂ… ಇದ್ದೀವಿ, ಏನ್ ಮಾಡಾದು, ಇರ್ಬೇಕಲ್ಲ… ನೀವು ಫೋನ್ ಮಾಡಿದ್ದು ನಂಗೆ ಎಷ್ಟೋ ಸಮಾಧಾನ ಆಯ್ತು ಕಣ್ರಿ."

…

"ಏನ್ ಬಂದೈತೆ?"

…

"ಮೊದಲ್ನೇ ಬಹುಮಾನವಾ? ಯಾರ್ಗೆ? … ನಂಗಾ? ಯಾವುದ್ಕೆ? ಒಂಬತ್ತು ದಿವ್ಸದಿಂದ ನಾನು ಒಂದಕ್ಷರ ಬರ್ದಿಲ್ವಲ್ಲ ಮೇಷ್ಟ್ರೆ. ಬೇರೆ ಯಾರ್ದೋ ಇರ್ಬೇಕು, ಸರಿಯಾಗಿ ನೋಡಿ."

…

"ಹೋದ ವಾರ ಶುಕ್ರವಾರದ್ದಾ? ಅವತ್ತಿನ ಪದ 'ತೋಟ'ವಾ? ನಾನು ಅವತ್ತು ಪದನೇ ನೋಡ್ಲಿಲ್ಲ… ಬರ್ದಿದ್ದೀನಾ? ಏನ್ ಬರ್ದಿದ್ದೀನಿ? ಓದಿ ಮತ್ತೆ, ನೀವೇ ಒಸಿ ಓದಿ."

ಆ ಕಡೆ ಮೇಷ್ಟ್ರು ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಸಾಲು ಸಾಲಿಗೂ ನಿಲ್ಲಿಸಿ ನಿಲ್ಲಿಸಿ ಓದಿದರು. ಆ ಶುಕ್ರವಾರ ಬೆಳಿಗ್ಗೆ ಆರೂವರೆಗೆ, ಗಂಡನ ಹೆಣದ ಪಕ್ಕ ಕೂತು, ಕಣ್ಣು ಒರೆಸಿಕೊಳ್ಳುತ್ತಾ ಆಕೆ ಒತ್ತಿದ್ದ ನಾಲ್ಕು ಸಾಲು ಅದು.

ನಮ್ಮ ಯಜಮಾನರು ಇಂದು ಬೆಳಗಿನ ಜಾವ ತೀರಿಕೊಂಡರು.
ನಾಲ್ಕು ಗಂಟೆಗೆ ನಮ್ಮ ತೋಟದಲ್ಲೇ ಮಣ್ಣು.
ಚನ್ನಪಟ್ಟಣದಿಂದ ಎರಡು ಗಂಟೆಗೆ ಬಸ್ಸಿದೆ.
ಆಮೇಲೆ ಬಸ್ಸಿಲ್ಲ.

ಅಷ್ಟೇ. ಸಾವಿನ ಮನೆಗೆ ಯಾರನ್ನೂ ಬನ್ನಿ ಎಂದು ಕರೆಯುವ ಪದ್ಧತಿ ನಮ್ಮ ಕಡೆ ಇಲ್ಲ, ತಿಳಿಸುವುದಷ್ಟೇ. ಬರುವವರಿಗೆ ತೊಂದರೆಯಾಗಬಾರದೆಂದು ಬಸ್ಸಿನ ಹೊತ್ತು ಹೇಳುತ್ತಾರೆ. ಗಿರಿಜಾಂಬ ಮಾಡಿದ್ದೂ ಅದನ್ನೇ.

"ನಿಲ್ಸಿ ಮೇಷ್ಟ್ರೆ… ನಿಲ್ಸಿ ಅಂದೆ. ಅದು ಕವಿತೆ ಅಲ್ಲ."

…

"ಅಲ್ಲ ಅಂದ್ರೆ ಅಲ್ಲ! ಬರ್ದೋಳು ನಾನು, ನಂಗೊತ್ತಿಲ್ವಾ? ನಮ್ಮನೆಯೋರು ಸತ್ತೋದ್ರು. ನಿಜವಾಗ್ಲೂ ಸತ್ತೋದ್ರು ಕಣ್ರಿ."

…

"ಹಲೋ? ಇದ್ದೀರಾ?"

…

"ಹಾಂ. ಎದೆ ನೋವು. ಸೊಪ್ಪು ಕುಯ್ಯಾಕೆ ಅಂತ ಎದ್ದೋರು ಹಂಗೇ ಕುಂತ್ಕಂಡ್ರು, ಮುಗೀತು… ನಿಮ್ಗೂ ಗೊತ್ತಾಗ್ನಿಲ್ವಾ? ಹೆಂಗೆ ಗೊತ್ತಾಗ್ನಿಲ್ಲ? ತೀರಿಕೊಂಡರು ಅಂತ ಅಚ್ಚಗನ್ನಡದಲ್ಲಿ ಬರ್ದಿದ್ದೀನಲ್ಲ!"

…

"ಎಲ್ಲಾರೂ ಹಂಗೇ ಬರೀತಾರೆ ಅಂತೀರಾ? … ಹೂಂ, ಅದೂ ನಿಜವೇ ಬುಡಿ. ನಮ್ಮ ಗುಂಪ್ನಲ್ಲಿ ವಾರಕ್ಕೆ ನಾಲ್ಕು ಜನದ ಅವ್ವ ಸಾಯ್ತಾಳೆ. ಆ ಕನಕಪುರದ ಬೋರಲಿಂಗಯ್ಯ ಅವ್ರವ್ವನ್ನ ಮೂರು ಸತಿ ಸಾಯ್ಸವ್ರೆ. ಪದ 'ದೀಪ' ಬಂದಾಗ ಒಂದ್ಸತಿ, 'ತೊಟ್ಟಿಲು' ಬಂದಾಗ ಒಂದ್ಸತಿ, 'ಉಪ್ಪಿನಕಾಯಿ' ಬಂದಾಗ್ಲೂ ಪಾಪ ಆಯಮ್ಮನ್ನ ಬುಡ್ಲಿಲ್ಲ. ಹೋದ ತಿಂಗ್ಳು ಆಯಮ್ಮ ಕಬ್ಬಾಳಮ್ಮನ ಗುಡಿ ತಾವ ಸಿಕ್ಕುದ್ರು ನಂಗೆ, ಗುಂಡ್ಕಲ್ಲಿದ್ದಂಗವ್ರೆ. ಎರಡು ಸತಿ ಪ್ರಸಾದ ಈಸ್ಕಂಡು ತಿಂದ್ರು."

…

"ನಗಬ್ಯಾಡಿ ಮೇಷ್ಟ್ರೆ. ನಾನು ನಗ್ಸಾಕೆ ಹೇಳ್ತಿಲ್ಲ."

ನಗು ಅಲ್ಲಿಗೆ ನಿಂತಿತು. ಆಕೆಗೆ ಈಗ ಆಗುತ್ತಿದ್ದದ್ದೇ ಬೇರೆ. ದುಃಖ ಅಲ್ಲ, ದುಃಖದ ಪರಿಚಯ ಈ ಒಂಬತ್ತು ದಿನದಲ್ಲಿ ಚೆನ್ನಾಗಿಯೇ ಆಗಿತ್ತು. ಇದು ಅಸಹ್ಯ. ಊಟದಲ್ಲಿ ಕೂದಲು ಸಿಕ್ಕಿದಾಗ ಆಗುತ್ತದಲ್ಲ, ಅಂಥದ್ದು.

"ನಿಮ್ಗೊತ್ತಾ ಮೇಷ್ಟ್ರೆ? ಅವತ್ತು ಮನೆ ಮುಂದೆ ಹೆಣ ಕೂರ್ಸಿದ್ರು. ನನ್ನ ಮಡ್ಲಲ್ಲಿ ಫೋನು ಟಿಂಗ್ ಟಿಂಗ್ ಅಂತಾನೇ ಇತ್ತು. ತೆಗ್ದು ನೋಡೋ ಸ್ಥಿತಿಲಿ ನಾನಿರ್ಲಿಲ್ಲ. ಗುಂಪಿನೋರು ಹೊರಟವ್ರೆ, ಅದ್ನೇ ಹೇಳ್ತಾವ್ರೆ ಅಂದ್ಕಂಡೆ. ಶಾಮಿಯಾನದೋರ್ಗೆ ಇನ್ನೊಂದು ನಲವತ್ತು ಕುರ್ಚಿ ಹಾಕ್ಸಪ್ಪಾ, ನಮ್ಮೋರು ಬತ್ತಾವ್ರೆ ಅಂದೆ. ಮಾರ್ನೇ ದಿನ ತೆಗ್ದು ನೋಡ್ತೀನಿ… ಚಪ್ಪಾಳೆ! ನೂರಾ ಎಂಬತ್ತು ಜನ ಚಪ್ಪಾಳೆ ಹೊಡ್ದವ್ರೆ! ಎಂಥ ಪ್ರತಿಮೆ, ಕೊನೇ ಸಾಲು ಎದೆಗೆ ನಾಟಿತು, ಹಂಗಂತೆ ಹಿಂಗಂತೆ. ಮಾಗಡಿ ಧನಲಕ್ಷ್ಮಿ ಕೇಳವ್ಳೆ, ಬಸ್ಸು ಅಂದ್ರೆ ಆತ್ಮ ಅಲ್ವಾ ಮೇಡಂ ಅಂತ. ಬಸ್ಸು ಅಂದ್ರೆ ಬಸ್ಸು ಕಣವ್ವ ತಾಯಿ! ಕೆಂಪು ಬಣ್ಣದ್ದು, ಮುಂದ್ಲು ಗಾಜು ಒಡ್ದೋಗೈತೆ, ನಮ್ಮೂರ ಅರಳಿಕಟ್ಟೆ ತಾವ ನಿಲ್ತದೆ!"

…

"ಬೇಜಾರು ಮಾಡ್ಕಬ್ಯಾಡಿ ಅಂದ್ರೆ? ಮಾಡ್ಕಂಡಾಯ್ತು. ಆ ನಲವತ್ತು ಕುರ್ಚಿ ಖಾಲಿ ಇದ್ವಲ್ಲ, ಅದ್ನ ನಮ್ಮ ಓರಗಿತ್ತಿ ನೋಡ್ಬುಟ್ಟು ಏನಂದ್ಲು ಗೊತ್ತಾ? ಅಕ್ಕ, ನಿಮ್ ಕಡೆಯಿಂದ ಯಾರೂ ಬರ್ನಿಲ್ವಾ ಅಂದ್ಲು. ಅಷ್ಟು ಜನದ ಮುಂದೆ. ಬಂದೋರೆಲ್ಲಾ ಅವ್ರ ಕಡೆಯೋರೇ ಮೇಷ್ಟ್ರೆ, ಅವ್ರ ಅಣ್ಣತಮ್ಮದೀರು, ಅವ್ರ ಸೋದರಮಾವ. ನಂಗ್ಯಾರವ್ರೆ? ತವರುಮನೆ ಅನ್ನಾದು ಯಾವತ್ತೋ ಮುಗ್ದೋಯ್ತು. ನನ್ನ ಕಡೆಯೋರು ಅಂತ ಇದ್ದೋರು ಈ ಗುಂಪು, ನೀವುಗಳು. ಹಂಗಂತ ನಂಬ್ಕಂಡಿದ್ದೆ."

…

"ಗುಂಪಿಂದೇನು ತಪ್ಪಿಲ್ಲ ಅಂತೀರಾ? ಸರಿ. ನಂದೂ ತಪ್ಪೈತೆ. ಅದ್ನೂ ಹೇಳ್ಬುಡ್ತೀನಿ. ಮೊನ್ನೆ ರಾತ್ರಿ ನಿದ್ದೆ ಬರ್ದೆ ನನ್ನ ಹಳೇ ಮಾತೆಲ್ಲ ತೆಗ್ದು ನೋಡ್ದೆ. ಸಮದ್ ಅಂತ ಒಬ್ರವ್ರಲ್ಲ, ಗೂಡು ಬೇಯ್ಸಿ ನೂಲು ತೆಗ್ಯೋ ರೀಲಿಂಗ್ ಮಾಡೋರು, ಅವ್ರು ಹೋದ ತಿಂಗ್ಳು ಬರ್ದಿದ್ರು, ಬಿಸಿನೀರಲ್ಲಿ ಕೈ ಬೆಂದೋಯ್ತು, ಎರಡು ಬೆರಳು ಮಡಿಸಾಕಾಯ್ತಿಲ್ಲ ಅಂತ. ಪದ 'ಬೆರಳು' ಇತ್ತು ಅವತ್ತು. ನಾನೇನು ಬರ್ದಿದ್ದೀನಿ ಅಂದ್ರೆ, ಅದ್ಭುತ ಸಾರ್, ಬೆರಳು ಮಾತಾಡ್ತಾ ಐತೆ ಅಂತ. ಮೂರು ಚಪ್ಪಾಳೆ ಬೇರೆ. ಅದು ಕವಿತೆನೋ, ಆ ಮನುಷ್ಯನ ಕೈ ನಿಜವಾಗ್ಲೂ ಬೆಂದಿತ್ತೋ, ನಂಗೆ ಈಗ್ಲೂ ಗೊತ್ತಿಲ್ಲ. ಕೇಳ್ಲೇ ಇಲ್ಲ ನಾನು. ನನ್ನ ಮೇಲೆ ನಂಗೇ ವಾಕರಿಕೆ ಬಂದೋಯ್ತು ಮೇಷ್ಟ್ರೆ."

…

"ಯಾರೂ ಬರ್ನಿಲ್ಲ ಅಂತ ನಾನೆಲ್ಲಿ ಅಂದೆ? ಒಬ್ರು ಬಂದ್ರು. ಗುಲ್ಜಾರ್ ಬೀ ಬಂದ್ರು."

…

"ಹೂಂ, ಅವ್ರೇ. ಚನ್ನಪಟ್ಣದಲ್ಲಿ ಬೊಂಬೆಗೆ ಬಣ್ಣ ಹಾಕ್ತಾರಲ್ಲ ಆ ಅಜ್ಜಿ. ಪದ ಒಂದಿದ್ರೆ ಇನ್ನೊಂದು ಬರೀತಾರೆ ಅಂತ ಎಲ್ಲಾ ಆಡ್ಕತೀರಲ್ಲ, ಅವ್ರು."

ಗುಲ್ಜಾರ್ ಬೀಗೆ ಕನ್ನಡ ಓದಲು ಬಾರದು. ಬಾಯಲ್ಲಿ ಹೇಳುತ್ತಾರೆ, ಮೊಮ್ಮಗಳು ಜಾರಾ ಒತ್ತಿ ಕಳಿಸುತ್ತಾಳೆ. ಗುಂಪಿನಲ್ಲಿ ಬಂದದ್ದನ್ನೂ ಅವಳೇ ಓದಿ ಹೇಳಬೇಕು. ಆ ಶುಕ್ರವಾರ ಜಾರಾ ಪದ ಏನೆಂದು ಹೇಳಲು ಮರೆತು ಗಿರಿಜಾಂಬ ಹಾಕಿದ್ದನ್ನಷ್ಟೇ ಓದಿದಳು. ಅಜ್ಜಿ ಬಣ್ಣದ ಕೈ ತೊಳೆಯದೆ ಎದ್ದು ನಿಂತರಂತೆ. ಎರಡು ಗಂಟೆಯ ಬಸ್ಸಿನಿಂದ ಇಳಿದು, ಊರೊಳಗೆ ದಾರಿ ಕೇಳಿಕೊಂಡು ಬಂದು, ಗಿರಿಜಾಂಬಳ ಪಕ್ಕದಲ್ಲಿ ನೆಲದ ಮೇಲೆ ಕೂತರು. ಇಬ್ಬರೂ ಮುಖ ನೋಡಿದ್ದು ಅದೇ ಮೊದಲು. ಓರಗಿತ್ತಿ ಯಾರಿವರು ಅಂತ ಕೇಳಿದಾಗ, ನಮ್ಮ ಕಡೆಯೋರು ಎಂದು ಗಿರಿಜಾಂಬ ಹೇಳಿದಳು. ಹೇಳುವಾಗ ಆಕೆಗೆ ಬಲು ಹೆಮ್ಮೆಯಾಗಿತ್ತು.

"ಮಣ್ಣು ಮಾಡಿದ್ಮೇಲೆ ವಾಪಸ್ ಹೋಗಾಕೆ ಬಸ್ಸಿರ್ಲಿಲ್ಲ ಅಲ್ವಾ ಆಯಮ್ಮಂಗೆ. ಅವತ್ತು ರಾತ್ರಿ ನನ್ನ ಪಕ್ಕದಲ್ಲೇ ಮಲ್ಗುದ್ರು. ಒಂದು ಮಾತೂ ಆಡ್ನಿಲ್ಲ. ನನ್ನ ಕೈ ಹಿಡ್ಕಂಡಿದ್ರು ಅಷ್ಟೇಯ… ಆದ್ರೂ ಮೇಷ್ಟ್ರೆ, ಅವ್ರು ಅವತ್ತಿಂದ ಗುಂಪ್ನಲ್ಲಿ ಕಾಣ್ತಿಲ್ವಲ್ಲ? ಹುಷಾರಿಲ್ವಾ ಅಂತ ನಾನೂ ಅಂದ್ಕತಿದ್ದೆ."

…

"ಏನಂದ್ರಿ?"

…

"ತೆಗ್ದಾಕಿದ್ರಾ? ಗುಲ್ಜಾರ್ ಬೀನಾ? ಯಾಕೆ?"

…

"ಯಾವ ನಿಯಮ? … ಧ್ವನಿ ಸಂದೇಶ ಹಾಕಿದ್ರಾ? ಎಂಥ ಧ್ವನಿ ಸಂದೇಶ? ನಂಗೆ ಬಂದಿಲ್ವಲ್ಲ."

…

"ಅಳಿಸ್ಬುಟ್ರಾ. ಅದ್ರಲ್ಲಿ ಏನಿತ್ತು? ನೆನಪೈತಾ ನಿಮ್ಗೆ? … ಹೇಳಿ. ಇಲ್ಲ, ಪರವಾಗಿಲ್ಲ, ಅವ್ರು ಹೆಂಗಂದ್ರೋ ಹಂಗೇ ಹೇಳಿ."

ಮೇಷ್ಟ್ರು ಮೊದಲು ತಡವರಿಸಿದರು, ಆಮೇಲೆ ಹೇಳಿದರು. ಬಸ್ಸಿನಲ್ಲಿ ಕೂತೇ ಅಜ್ಜಿ ಅದನ್ನು ಕಳಿಸಿದ್ದರಂತೆ, ಹಿಂದೆ ಇಂಜಿನ್ ಸದ್ದು ಇತ್ತಂತೆ. ಗಿರಿಜಮ್ಮನ ಮನೇಲಿ ಮಯ್ಯತ್ ಆಗೈತೆ, ಸಾವಾಗೈತೆ, ಯಾರೂ ಚಪ್ಪಾಳೆ ಒತ್ತಬೇಡ್ರಪ್ಪಾ, ಎದ್ದು ಬನ್ನಿ, ಪಾಪ ಆ ಹೆಣ್ಣುಮಗಳು ಒಬ್ಬಳೇ ಅವಳೆ. ಇಷ್ಟು. ಅಜ್ಜಿ ಕವಿತೆಯನ್ನೇ ನಿಜವೆಂದು ನಂಬಿದ್ದಾರೆ ಅಂದುಕೊಂಡು, ವೈಯಕ್ತಿಕ ವಿಷಯ ನಿಷಿದ್ಧ, ಇತರರ ಕವಿತೆಗೆ ಅಡ್ಡಿ ಮಾಡುವುದು ನಿಷಿದ್ಧ ಎಂದು ಮೇಷ್ಟ್ರು ಅದನ್ನು ಅಳಿಸಿ, ಅಜ್ಜಿಯನ್ನೂ ಅಳಿಸಿದ್ದರು.

ಗಿರಿಜಾಂಬ ಕಿಟಕಿಯ ಸರಳು ಹಿಡಿದುಕೊಂಡು ನಿಂತಳು.

"ಮೇಷ್ಟ್ರೆ, ನಿಮ್ಮನ್ನ ಏನಂತ ಕರೀಲಿ ನಾನು? ಇನ್ನೂರು ಜನದಲ್ಲಿ ಮನುಷ್ಯರು ಅಂತ ಇದ್ದೋರು ಒಬ್ರು. ಆ ಒಬ್ರನ್ನ ಹುಡುಕಿ ಹೊರಕ್ಕಾಕಿದ್ದೀರಲ್ಲ! ಆಯಮ್ಮ ಅದ್ನ ನನ್ ಹತ್ರ ಹೇಳ್ಲೂ ಇಲ್ಲ. ನಂಗೆ ನೋವಾಯ್ತದೆ ಅಂತ ಬಾಯ್ಮುಚ್ಕಂಡವ್ರೆ."

…

"ತಿಳೀದೆ ಮಾಡಿದ್ದು, ಸರಿ. ಈಗ ತಿಳೀತಲ್ಲ. ಇವತ್ತೇ ವಾಪಸ್ ಸೇರಿಸ್ಕಳಿ. ಆಮೇಲೆ ಇನ್ನೊಂದು. ಮುಂದಿನ ಭಾನುವಾರ ಬಹುಮಾನ ಕೊಡೋ ಕಾರ್ಯಕ್ರಮ ಐತೆ ಅಂದ್ರಲ್ಲ, ಅಲ್ಲಿ ಅದ್ನ ಓದಂಗಿಲ್ಲ. ನಂಗೆ ಬಹುಮಾನ ಬ್ಯಾಡ, ಸರ್ಟಿಫಿಕೇಟ್ ಬ್ಯಾಡ, ಫೋಟೋ ನಾನು ಕೊಡಾಕಿಲ್ಲ."

…

"ಪುಸ್ತಕದಲ್ಲಿ ಅಚ್ಚಾಗೋಗಿದ್ರೆ ಆಗೋಗ್ಲಿ, ಆ ಹಾಳೆ ಹರ್ದಾಕಿ. ನನ್ನ ಗಂಡ ಸತ್ತಿದ್ದಕ್ಕೆ ನಂಗೆ ಮೊದಲ್ನೇ ಬಹುಮಾನವಾ? ಎರಡ್ನೇ ಬಹುಮಾನ ಯಾರ್ಗೆ, ಬೋರಲಿಂಗಯ್ಯಂಗಾ?"

…

"ಏನು ಹಾಕ್ಸಿದ್ದೀರಾ? … ರಾಗವಾ?"

…

"ಒಸಿ ತಡೀರಿ. ರಾಗ ಹಾಕ್ಸಿ, ಹಾಡಾಕೆ ಜನ ಗೊತ್ತು ಮಾಡಿದ್ದೀರಾ? ಹಾರ್ಮೋನಿಯಂ ಇಟ್ಕಂಡು? … ನಾಲ್ಕು ಜನ ಹೆಣ್ಮಕ್ಳು ಹಿಂದ್ಗಡೆ ನಿಂತ್ಕಂಡು, ಆಮೇಲೆ ಬಸ್ಸಿಲ್ಲ, ಆಮೇಲೆ ಬಸ್ಸಿಲ್ಲ ಅಂತ ಹಾಡ್ತಾರಾ? ಮೂರ್ ಮೂರ್ ಸತಿ? … ಶಿವಶಿವಾ! ನಿಮ್ಗೆ ಹೇಸ್ಗೆ ಆಗಲ್ವಾ ಮೇಷ್ಟ್ರೆ? ನಿಜ ಹೇಳಿ, ಒಸಿನೂ ಹೇಸ್ಗೆ ಆಗಲ್ವಾ?"

…

"ನೋಡಿ, ನಾನು ಹೆಚ್ಗೆ ಮಾತಾಡಾಕಿಲ್ಲ. ಅದ್ನ ಹಾಡ್ಸುದ್ರೆ ನಾನು ಮನೆ ಹಿರಿಯರು ಬ್ಯಾಡ ಅಂದ್ರೂ ರಾಮನಗರಕ್ಕೆ ಬತ್ತೀನಿ. ಹಣೆ ಬೋಳು ಮಾಡ್ಕಂಡೇ ಬತ್ತೀನಿ. ವೇದಿಕೆ ಮೇಲೆ ಕುಂತ್ಕಂಡು, ಹೆಣದ ಮುಂದೆ ಹೆಂಗೆ ಅತ್ತಿದ್ನೋ ಹಂಗೇ ಅಳ್ತೀನಿ. ಆಗ ನಿಮ್ಮೋರು ಚಪ್ಪಾಳೆ ತಟ್ಟಲಿ, ನೋಡಾನ."

ತಟ್ಟೆಗಳಲ್ಲಿ ಸೊಪ್ಪು ಮುಗಿಯುತ್ತಾ ಬಂದು, ಹುಳುಗಳ ಸದ್ದು ಇಳಿಯುತ್ತಿತ್ತು.

"ಹಾಂ, ಇದ್ದೀನಿ, ಹೇಳಿ."

…

"ಓದಾಕಿಲ್ವಾ? ಹಾಡ್ಸಾದೂ ಇಲ್ವಾ? ದೇವ್ರಾಣೆ? … ಪುಸ್ತಕದಿಂದ್ಲೂ ತೆಗೆಸ್ತೀರಾ? ಗುಲ್ಜಾರ್ ಬೀನ ವಾಪಸ್ ಸೇರಿಸ್ಕತೀರಾ? … ಸರಿ. ಸರಿ ಮೇಷ್ಟ್ರೆ. ಅಷ್ಟು ಮಾಡಿ ಸಾಕು. ನಾನೂ ಒರಟಾಗಿ ಮಾತಾಡ್ಬುಟ್ಟೆ. ಸಂಕಟ ಐತಲ್ಲ, ಬಾಯಿ ಹಿಡ್ತದಲ್ಲಿರಾಕಿಲ್ಲ."

…

"ಅವ್ರ ಹೆಸ್ರಾ?"

ಒಂಬತ್ತು ದಿನದಲ್ಲಿ ಆ ಗುಂಪಿನ ಕಡೆಯಿಂದ ಯಾರೂ ಕೇಳಿರದ ಪ್ರಶ್ನೆ ಅದು. ಆಕೆಯ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಸೊಪ್ಪಿನ ರಾಶಿಯ ಪಕ್ಕ ಕೂತಳು.

"ಗವಿಸಿದ್ದಯ್ಯ ಅಂತ… ಹೂಂ… ಕವಿತೆ ಇಷ್ಟವಾ ಅಂದ್ರಾ? ಅಯ್ಯೋ, ಒಂದೂ ಅರ್ಥ ಆಯ್ತಿರ್ಲಿಲ್ಲ ಅವ್ರಿಗೆ. ಆದ್ರೂ ಕೇಳೋರು. ಸೊಪ್ಪು ಹೆಚ್ತಾ ಕೇಳೋರು. ಕೇಳ್ಬುಟ್ಟು, ಚೆನ್ನಾಗಿಲ್ಲ ಕಣೆ ಗಿರ್ಜಿ, ಹುಳ ಹಂಗೆಲ್ಲ ಮಾಡಾಕಿಲ್ಲ, ನೀನು ದಿನಾ ನೋಡ್ತೀಯಲ್ಲ, ಅದ್ ಹೆಂಗೆ ಸುಳ್ಳು ಬರೀತೀಯೆ ಅನ್ನೋರು. ನಾನು ಮುನಿಸ್ಕಂಡು ಮುಸುಕು ಹಾಕ್ಕಂಡು ಮಲ್ಗೋಳು. ಬೆಳಿಗ್ಗೆ ಎದ್ದು ತಿದ್ದೋಳು. ನೀವೆಲ್ಲಾ ಅದ್ಭುತ ಅಂದಿದ್ದೆಲ್ಲಾ ಅವ್ರು ಚೆನ್ನಾಗಿಲ್ಲ ಅಂದ್ಮೇಲೆ ತಿದ್ದಿದ್ದೇ ಮೇಷ್ಟ್ರೆ. ಇನ್ನು ನಂಗೆ ಚೆನ್ನಾಗಿಲ್ಲ ಅಂತ ಹೇಳೋರು ಯಾರವ್ರೆ?"

…

"ಹೂಂ… ಹೂಂ… ಅಳ್ತಿಲ್ಲ, ಹೇಳಿ."

…

"ಗೌರವವಾ? ಗುಂಪಿಂದ ಅವ್ರಿಗಾ? … ಬ್ಯಾಡ ಬುಡಿ ಮೇಷ್ಟ್ರೆ, ಅವ್ರು ಅಂಥದ್ದೆಲ್ಲಾ ಬಯಸ್ದೋರಲ್ಲ… ಇಲ್ಲ, ನೀವು ಮನಸ್ಸಿಟ್ಟು ಹೇಳ್ತಿದ್ದೀರಿ, ನಾನು ಬ್ಯಾಡ ಅನ್ನಬಾರ್ದು. ಏನ್ ಮಾಡಾನ ಅಂತಿದ್ದೀರಿ?"

…

"ನಾಳೆ ಪದವಾ? ಅವ್ರ ನೆನಪ್ಗೆ ಅಂತ ಹಾಕ್ತೀರಾ? ಎಲ್ಲಾರೂ ಬರೀತಾರಾ? … ಏನ್ ಪದ?"

…

"ಏನಂದ್ರಿ? ಇನ್ನೊಂದ್ಸತಿ ಹೇಳಿ."

ಮೇಷ್ಟ್ರು ಇನ್ನೊಂದು ಸಲ ಹೇಳಿದರು. ಮೊದಲ ಸಲವೂ ಸರಿಯಾಗಿಯೇ ಕೇಳಿಸಿತ್ತು. 'ತಾಳಿ'.

ನಾಳೆ ಬೆಳಿಗ್ಗೆ ಆರಕ್ಕೆ 'ತಾಳಿ'. ರಾತ್ರಿಯೊಳಗೆ ಇನ್ನೂರು ಜನ ಅದನ್ನು ಹರಿಯುತ್ತಾರೆ, ಬಿಚ್ಚುತ್ತಾರೆ, ನೀರಿಗೆ ಬಿಡುತ್ತಾರೆ, ಎಂಥ ಪ್ರತಿಮೆ ಎಂದು ಒಬ್ಬರಿಗೊಬ್ಬರು ತಟ್ಟುತ್ತಾರೆ. ಗಿರಿಜಾಂಬಳ ಕೊರಳಿನದನ್ನು ಹನ್ನೊಂದನೆಯ ದಿನ ತೆಗೆಯಬೇಕೆಂದು ಮನೆಯ ಹಿರಿಯರು ಗೊತ್ತುಮಾಡಿದ್ದರು. ಅದಕ್ಕೆ ಇನ್ನೂ ಎರಡು ದಿನವಿತ್ತು.

ಆಕೆ ಎದ್ದು ನಿಂತಳು.

"ಲೇ ನಂಜುಂಡಯ್ಯ…"

…

"ಹೂಂ ಕಣಯ್ಯಾ, ನಿನ್ಗೇ ಹೇಳ್ತಿರಾದು. ನಂದು ಇನ್ನೂ ಕುತ್ಗೇಲೈತೆ ಕಣೋ! ಬಿಚ್ಚಾಕೆ ಮುಂಚೆನೇ ಹಂಚ್ಕತೀರೇನೋ? ಥೂ! ನಿನ್ನ ಮಕಕ್ಕಿಷ್ಟು… ಹಲೋ? … ಹಲೋ? … ಇದ್ದೀಯೇನೋ? … ಹಲೋ…"